ಎರ್ರೆಮ್ಮನ ಕೈಯ ದ್ರಾಕ್ಷಾರಸ

ಸಂಡೂರಿನ ಆ ಸಣ್ಣ ಕ್ರೈಸ್ತ ಸಭೆಯಲ್ಲಿ, ಯೇಸುವಿನ ನೆನಪಿಗೆ ರೊಟ್ಟಿ, ರಸ ಹಂಚುವ ಕರ್ತನ ಭೋಜನಕ್ಕೆ ದ್ರಾಕ್ಷಾರಸ ಮಾಡುವವಳು ಸುಗುಣಮ್ಮ ಎಂದು ಯಾರೂ ಎಲ್ಲಿಯೂ ಬರೆದಿಟ್ಟಿರಲಿಲ್ಲ. ಸೂರ್ಯ ಯಾವ ಕಡೆ ಹುಟ್ಟುತ್ತಾನೆ ಎಂದು ಯಾರಾದರೂ ಬರೆದಿಡುತ್ತಾರೆಯೇ? ಅವಳ ಅತ್ತೆ ಮಾಡುತ್ತಿದ್ದಳು, ಅತ್ತೆಯ ಕೈ ನಡುಗತೊಡಗಿದ ಮೇಲೆ ಸೊಸೆ ಮಾಡಿದಳು, ಅಷ್ಟೆ. ತಿಂಗಳ ಮೊದಲ ಭಾನುವಾರ ಹತ್ತಿರ ಬಂದಾಗ ಹೊಸಪೇಟೆಯ ಬಜಾರಿನಿಂದ ಕಪ್ಪು ಒಣದ್ರಾಕ್ಷಿ ತರಿಸುವುದು, ಶುಕ್ರವಾರ ನೆನೆಹಾಕುವುದು, ಶನಿವಾರ ಸಂಜೆ ಕುದಿಸಿ, ಕಿವುಚಿ, ತೆಳು ಬಟ್ಟೆಯಲ್ಲಿ ಸೋಸಿ, ಆರಿದ ಮೇಲೆ ಬಾಟಲಿಗೆ ತುಂಬಿ, ಹುಳಿ ಬಂದು ಹೆಂಡವಾಗದ ಹಾಗೆ ಫ್ರಿಜ್ಜಿನಲ್ಲಿಡುವುದು. ಭಾನುವಾರ ಬೆಳಿಗ್ಗೆ ಸೆರಗನ್ನು ತಲೆಯ ಮೇಲೆಳೆದುಕೊಂಡು, ಆ ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದು ಅವಳು ಸಭೆಯ ನಡುವೆ ನಡೆದು ಹೋಗುವಾಗ ಚಾಪೆಯ ಮೇಲೆ ಕೂತ ಹೆಂಗಸರು ಕಾಲು ಮಡಚಿ ದಾರಿ ಬಿಡುತ್ತಿದ್ದರು. ಆ ನಾಲ್ಕು ಹೆಜ್ಜೆ ನಡೆಯುವುದಕ್ಕಾಗಿಯೇ ಅವಳು ತಿಂಗಳಿಡೀ ಬದುಕುತ್ತಿದ್ದಳು ಎಂದರೆ ಅವಳಿಗೆ ಸಿಟ್ಟು ಬಂದೀತು. ಬರಲಿ. ನಿಜ ಅದೇ.

ಸುಗುಣಮ್ಮ ಕಂಪ್ಲಿಯವಳು. ಅಪ್ಪ ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುತ್ತಿದ್ದ. ಕ್ರಿಸ್ಮಸ್ಸಿಗೆ ಇಬ್ಬರು ಹೆಣ್ಣುಮಕ್ಕಳಿಗೂ ಒಂದೇ ಥಾನಿನಲ್ಲಿ ಬಟ್ಟೆ ಹರಿಸಿ ಫ್ರಾಕು ಹೊಲಿಸುತ್ತಿದ್ದ. ಆದರೂ ತಂಗಿಯ ಫ್ರಾಕಿನ ಮೇಲಿನ ಹೂವೇ ದೊಡ್ಡದು ಎಂದು ಇವಳು ಹಬ್ಬದ ದಿನ ಬೆಳಿಗ್ಗೆ ಹೊರಳಾಡಿ ಅಳುತ್ತಿದ್ದಳಂತೆ. ಅದನ್ನು ತಂಗಿ ಇವತ್ತಿಗೂ ಹೇಳಿ ನಗುತ್ತಾಳೆ, ಸುಗುಣಮ್ಮ ಮಾತ್ರ ನಗುವುದಿಲ್ಲ. ಮದುವೆಯಾಗಿ ಸಂಡೂರಿಗೆ ಬಂದಳು. ಗಂಡ ದೋಣಿಮಲೈ ಗಣಿಯಲ್ಲಿ ಡಂಪರ್ ಓಡಿಸಿ, ಈಗ ನಿವೃತ್ತನಾಗಿ, ಮೊಣಕಾಲು ನೋವಿನೊಂದಿಗೆ ಮನೆಯಲ್ಲಿದ್ದಾನೆ. ಒಬ್ಬಳೇ ಮಗಳು ಮದುವೆಯಾಗಿ ಬಳ್ಳಾರಿಯಲ್ಲಿದ್ದಾಳೆ.

ಕೆಟ್ಟ ಹೆಂಗಸೇನಲ್ಲ. ಯಾರ ಮನೆಯಲ್ಲಿ ಜ್ವರ ಬಂದರೂ ಗಂಜಿ ಒಯ್ದು ಕೊಡುವವಳು ಅವಳೇ. ಹೆರಿಗೆಯಾದ ಮನೆಯಲ್ಲಿ ಬಾಣಂತಿಯ ಬಟ್ಟೆ ಒಗೆದುಕೊಟ್ಟು ಬಂದದ್ದೂ ಉಂಟು. ಪಾಪ ಎನ್ನುವುದು ಊರ ಹೊರಗೆ ಲಾರಿ ನಿಲ್ಲುವ ಜಾಗದ ಆಚೆಗೆ ಎಲ್ಲೋ ಇರುತ್ತದೆ ಎಂದು ಅವಳು ನಂಬಿದ್ದಳು. ಬೆಳಗಿನ ಪ್ರಾರ್ಥನೆಯಲ್ಲಿ ಪಾಪಗಳನ್ನು ಅರಿಕೆ ಮಾಡಿಕೊಳ್ಳುವ ಹೊತ್ತು ಬಂದರೆ ಏನು ಹೇಳಬೇಕೆಂದು ತೋಚದೆ, ಗಂಡನ ಪಾಪಗಳನ್ನು ಒಂದೊಂದಾಗಿ ಹೇಳಿ ಮುಗಿಸುತ್ತಿದ್ದಳು. ಗಂಡ ಪಕ್ಕದಲ್ಲೇ ಕೂತು ಆಮೆನ್ ಎನ್ನುತ್ತಿದ್ದ.

ಹೀಗಿರುವಾಗ ಬಂಡ್ರಿಯಿಂದ ಎರ್ರೆಮ್ಮ ಬಂದಳು.

ಎರ್ರೆಮ್ಮ ಹಿಂದೆ ಅದಿರಿನ ಲಾರಿಗಳು ನಿಲ್ಲುವ ರಸ್ತೆಯ ಬದಿಯಲ್ಲಿ ಕದ್ದುಮುಚ್ಚಿ ಸಾರಾಯಿ ಮಾರುತ್ತಿದ್ದಳು. ಅದನ್ನು ಅವಳು ಮುಚ್ಚಿಡಲಿಲ್ಲ. ಗಂಡ ಅದೇ ಸಾರಾಯಿ ಕುಡಿದು ಸತ್ತ. ಆಮೇಲೆ ಅವಳು ಮಾರುವುದನ್ನು ಬಿಟ್ಟು ಅದಿರು ಹೊರುವ ಕೂಲಿಗೆ ಹೋಗತೊಡಗಿದಳು. ಒಂದು ದಿನ ಯಾರೂ ಕರೆಯದೆ ತಾನಾಗಿಯೇ ಬಂದು ಸಭೆಯ ಬಾಗಿಲ ಹತ್ತಿರ ಕುಳಿತಳು. ಆಮೇಲೆ ಪ್ರತಿ ಭಾನುವಾರ ಬಂದಳು. ಮೊದಮೊದಲು ಅವಳನ್ನು ಕೈಹಿಡಿದು ಒಳಗೆ ಕರೆದು ತನ್ನ ಚಾಪೆಯ ಮೇಲೆ ಕೂರಿಸಿಕೊಂಡವಳು ಸುಗುಣಮ್ಮನೇ. ಪಾಪಿಯೊಬ್ಬಳನ್ನು ಪಕ್ಕದಲ್ಲಿ ಕೂರಿಸಿಕೊಂಡರೆ ತಾನು ಇನ್ನಷ್ಟು ಬೆಳ್ಳಗೆ ಕಾಣುತ್ತೇನೆ ಎಂದು ಅವಳಿಗೆ ಅನ್ನಿಸಿತ್ತೋ ಏನೋ.

ತೊಂದರೆ ಶುರುವಾದದ್ದು ಸ್ತ್ರೀಯರ ಕೂಟದಲ್ಲಿ. ಅಲ್ಲಿ ದೊಡ್ಡ ಪ್ರಾರ್ಥನೆ ಯಾವಾಗಲೂ ಸುಗುಣಮ್ಮನದು. ಅಚ್ಚುಕಟ್ಟಾದ ಪುಸ್ತಕದ ಕನ್ನಡ, ಉದ್ದ ಉದ್ದ ವಾಕ್ಯ, ಎಲ್ಲೂ ತಡವರಿಸುವುದಿಲ್ಲ. ಒಂದು ದಿನ ಶಾಲಾ ಶಿಕ್ಷಕಿ ಶೈಲಜಾಳ ಮಗುವಿಗೆ ಜ್ವರ ಬಂದಿತ್ತು. ಸುಗುಣಮ್ಮ ಪ್ರಾರ್ಥನೆ ಮುಗಿಸಿದ್ದೇ ತಡ, ಎರ್ರೆಮ್ಮ ಕಣ್ಣು ಮುಚ್ಚಿಕೊಂಡೇ ಬಾಯಿಬಿಟ್ಟಳು.

"ಯಪ್ಪಾ ಯೇಸಪ್ಪ, ಈ ಅಕ್ಕನ ಕೂಸಿಗೆ ಜ್ವರ ಬಂದೈತಿ. ನಿನಗ ಗೊತ್ತೈತಿ, ಆದ್ರೂ ಹೇಳ್ತೀನಿ. ಜಲ್ದಿ ಬಾ. ನಾವು ಕಾಯ್ಕೊಂತ ಕುಂತೀವಿ."

ಅಷ್ಟೇ. ಆಮೆನ್ ಹೇಳುವುದನ್ನೂ ಮರೆತಳು. ಶೈಲಜಾ ಗಳಗಳ ಅತ್ತುಬಿಟ್ಟಳು. ಮಗುವಿನ ಜ್ವರ ಮರುದಿನ ಇಳಿಯಿತು, ಅದು ಮಾತ್ರೆಯಿಂದಲೂ ಇಳಿದಿರಬಹುದು. ಆದರೆ ಅಂದಿನಿಂದ ಹೆಂಗಸರು ಕೂಟ ಮುಗಿದ ಮೇಲೆ ಎರ್ರೆಮ್ಮನ ಸುತ್ತ ನಿಲ್ಲತೊಡಗಿದರು. ನಮ್ಮ ಮನಿಗೂ ಬಾ, ನಮ್ಮ ಅತ್ತೀಗೂ ಪ್ರಾರ್ಥನಿ ಮಾಡು ಎಂದರು. ಸುಗುಣಮ್ಮ ಚಾಪೆ ಸುತ್ತಿಡುತ್ತಾ ಎಲ್ಲವನ್ನೂ ಕೇಳಿಸಿಕೊಂಡಳು. ಹೊಟ್ಟೆಯೊಳಗೆ ಒಣಮೆಣಸಿನಕಾಯಿ ಹುರಿದ ಹಾಗಾಯಿತು.

ಅದನ್ನು ಹೊಟ್ಟೆಕಿಚ್ಚು ಎಂದು ಅವಳು ಒಪ್ಪಲಿಲ್ಲ. ಸಭೆಯ ಮೇಲಿನ ಕಾಳಜಿ ಎಂದುಕೊಂಡಳು. ದೇವರನ್ನು ಹೀಗೆ ಪಕ್ಕದ ಮನೆಯವನ ಹಾಗೆ ಕೂಗಿ ಕರೆದರೆ ಭಯಭಕ್ತಿ ಎಲ್ಲಿ ಉಳಿಯುತ್ತದೆ, ಚಿಕ್ಕವರು ಏನು ಕಲಿಯುತ್ತಾರೆ ಎಂದು ಮನಸ್ಸಿನಲ್ಲೇ ವಾದ ಹೂಡಿದಳು. ಶೋಧನೆ, ಅಂದರೆ ಪಾಪದ ಸೆಳೆತ, ನಮ್ಮಂಥವರ ಮನೆಗೆ ಬರುವುದೇ ಹೀಗೆ. ಕಳ್ಳನ ವೇಷದಲ್ಲಿ ಬಂದರೆ ಬಾಗಿಲು ಹಾಕಿಕೊಳ್ಳುತ್ತೇವೆ ಎಂದು ಅದಕ್ಕೆ ಗೊತ್ತು. ಸಭೆಯ ಹಿರಿಯರ ಹಾಗೆ ಇಸ್ತ್ರಿ ಅಂಗಿ ಹಾಕಿಕೊಂಡು ಬರುತ್ತದೆ, ನಾವೇ ಕುರ್ಚಿ ಕೊಟ್ಟು ಚಹಾ ಕುಡಿಸುತ್ತೇವೆ.

ಅದರ ಮೇಲೆ ಇನ್ನೊಂದು ಪೆಟ್ಟು ಕೊಟ್ಟವನು ಅವಳ ಗಂಡ. ಒಂದು ಸಂಜೆ ಮೊಣಕಾಲಿಗೆ ಎಣ್ಣೆ ಹಚ್ಚಿಸಿಕೊಳ್ಳುತ್ತಾ, "ಆ ಬಂಡ್ರಿ ಎರ್ರೆಮ್ಮನ್ನ ಒಮ್ಮೆ ಮನಿಗೆ ಕರಿ. ಆಕಿ ಪ್ರಾರ್ಥನಿ ಮಾಡಿದ್ರ ಕಾಲು ಹಗುರಾಗ್ತದಂತ" ಎಂದ.

"ಇಷ್ಟು ವರ್ಷ ನಾ ಮಾಡಿದ್ದು ಏನಾತು?" ಎಂದಳು ಸುಗುಣಮ್ಮ.

"ನೀ ಮಾಡೂದು ಮಾಡು. ಆಕೀನೂ ಮಾಡ್ಲಿ. ನಿನಗೇನು ಕಮ್ಮಿ ಆಗ್ತದ?"

ಅವಳು ಎಣ್ಣೆಯ ಬಟ್ಟಲನ್ನು ಅಲ್ಲೇ ಕುಕ್ಕಿ ಎದ್ದು ಹೋದಳು. ಗಂಡಸರಿಗೆ ಕೆಲವು ಪ್ರಶ್ನೆಗಳನ್ನು ಕೇಳಬಾರದೆಂಬ ಬುದ್ಧಿ ಯಾವ ವಯಸ್ಸಿಗೂ ಬರುವುದಿಲ್ಲ.

ಏಪ್ರಿಲ್ ಕೊನೆಯ ಭಾನುವಾರ ಸಭಾಪಾಲಕ ಮನೋಹರ್ ಅಯ್ಯನವರು ಆರಾಧನೆ ಮುಗಿದ ಮೇಲೆ ಸುಗುಣಮ್ಮನನ್ನು ಕರೆದರು. ವಯಸ್ಸಿನಲ್ಲಿ ಚಿಕ್ಕವರು, ಬಂದು ಒಂದು ವರ್ಷವಾಗಿತ್ತು, ಯಾರ ಕಾಲಿಗೆ ಎಲ್ಲಿ ನೋವಿದೆ ಎಂದು ನೋಡದೆ ನಡೆಯುವ ಉತ್ಸಾಹ.

"ಸುಗುಣಮ್ಮಾರ, ಬರೋ ಭಾನುವಾರದ ಭೋಜನಕ್ಕ ರಸ ಎರ್ರೆಮ್ಮ ಮಾಡ್ಲಿ ಅನ್ಕೊಂಡೀನ್ರಿ. ಆಕಿಗೂ ಸಭೀ ನಂದು ಅನ್ನಿಸ್ಬೇಕಲ್ಲ. ನೀವಾ ಕಲಿಸಿಕೊಡ್ರಿ. ನಿಮ್ಮಷ್ಟು ಚಂದ ಕಲಿಸೋರು ಯಾರದಾರ?"

"ಆಗ್ಲಿ ಬಿಡ್ರಿ ಅಯ್ನೋರೆ" ಎಂದಳು. ನಕ್ಕಳು ಕೂಡ. ಮನೆಗೆ ಬಂದು ಅಡುಗೆಮನೆಯ ಬಾಗಿಲು ಹಾಕಿಕೊಂಡು, ನೀರಿನ ನಲ್ಲಿ ಜೋರಾಗಿ ಬಿಟ್ಟು ಅತ್ತಳು. ಅತ್ತೆ ಕೊಟ್ಟ ಕೆಲಸ, ತನ್ನ ಬದುಕಿನಲ್ಲಿ ತನ್ನದು ಎಂದು ಇದ್ದದ್ದು ಅದೊಂದೇ. ಅದೂ ಹೋಯಿತು, ಅದೂ ಸಾರಾಯಿ ಮಾರಿದವಳ ಕೈಗೆ.

ಮಂಗಳವಾರ ಎರ್ರೆಮ್ಮ ಬಂಡ್ರಿಯ ಬಸ್ಸಿನಲ್ಲಿ ಬಂದಳು. ತಲೆಗೆ ಎಣ್ಣೆ ಹಚ್ಚಿ ಬಿಗಿಯಾಗಿ ಬಾಚಿಕೊಂಡು, ಪರೀಕ್ಷೆಗೆ ಬಂದವಳ ಹಾಗೆ ಅಡುಗೆಮನೆಯ ಹೊಸ್ತಿಲ ಹೊರಗೇ ನಿಂತಳು. ಕೈಗಳನ್ನು ಎರಡು ಸಲ ಸೋಪು ಹಚ್ಚಿ ತೊಳೆದುಕೊಂಡೇ ಒಳಗೆ ಬಂದಳು. ಸುಗುಣಮ್ಮ ಎಲ್ಲವನ್ನೂ ಸರಿಯಾಗಿಯೇ ಹೇಳಿಕೊಟ್ಟಳು. ದ್ರಾಕ್ಷಿ ಎಷ್ಟು ಹೊತ್ತು ನೆನೆಯಬೇಕು, ನೀರು ಎಷ್ಟು, ಉರಿ ಎಷ್ಟು, ಬೀಜ ಒಡೆಯದ ಹಾಗೆ ಹೇಗೆ ಕಿವುಚಬೇಕು. ಎರ್ರೆಮ್ಮ ಪ್ರತಿ ಮಾತಿಗೂ ತಲೆಯಾಡಿಸಿದಳು. ಕೊನೆಗೆ ಕೇಳಿದಳು.

"ಯಾವತ್ತು ಮಾಡ್ಲಿ ಅಕ್ಕಾರ? ಶನಿವಾರ ಮಾಡ್ಲೇನ್ರಿ?"

ಸುಗುಣಮ್ಮ ಹೌದು ಎನ್ನಲು ಬಾಯಿ ತೆರೆದಳು. ಎರ್ರೆಮ್ಮನ ಮನೆಯಲ್ಲಿ ಫ್ರಿಜ್ ಇಲ್ಲ ಎಂಬುದು ಆ ಕ್ಷಣದಲ್ಲೇ ನೆನಪಾಯಿತು. ಮೇ ತಿಂಗಳ ಬಿಸಿಲು, ತಗಡಿನ ಮನೆ.

"ಗುರುವಾರನಾ ಮಾಡಿಡು. ಕುಂತಷ್ಟೂ ರುಚಿ ಬರ್ತದ" ಎಂದಳು.

ಎರ್ರೆಮ್ಮ ಕಿಟಕಿಯಾಚೆಯ ಬಿಸಿಲು ನೋಡಿದಳು. "ಈ ಬಿಸಿಲಾಗ ಹುಳಿ ಬರಂಗಿಲ್ಲೇನ್ರಿ? ನಾ ಸಾರಾಯಿ ಮಾರಿದಾಕಿ ಅಕ್ಕಾರ. ಸಿಹಿ ರಸ ಬೆಚ್ಚಗ ಕುಂತ್ರ ಏನಾಗ್ತದಂತ ನಂಗ ಗೊತ್ತು."

ತಿದ್ದಿಕೊಳ್ಳಲು ಇನ್ನೊಂದು ಅವಕಾಶ ಸಿಕ್ಕಿತ್ತು, ಬಾಗಿಲು ತೆರೆದೇ ಇತ್ತು. ಸುಗುಣಮ್ಮ ಅದನ್ನು ತಾನೇ ಎಳೆದು ಮುಚ್ಚಿದಳು.

"ಅದು ಸಾರಾಯಿ. ಇದು ಕರ್ತನ ಮೇಜಿಂದು, ಇದು ಕೆಡಂಗಿಲ್ಲ. ನನ್ನ ಕೈಯಾಗ ಒಮ್ಮೆನೂ ಕೆಟ್ಟಿಲ್ಲ."

ಕೊನೆಯ ಮಾತು ನಿಜವೇ ಆಗಿತ್ತು. ನಿಜವನ್ನು ಹೀಗೆ ಸುಳ್ಳಿನ ಕೆಲಸಕ್ಕೆ ಕೂಲಿಗೆ ಹಚ್ಚುವವರನ್ನು ಕಂಡರೆ ಮೈ ಉರಿಯುತ್ತದೆ. ಎರ್ರೆಮ್ಮ ಮಾತ್ರ ಕೆನ್ನೆಗೆ ಬಡಿದುಕೊಂಡಳು.

"ತಪ್ಪಾತ್ರಿ ಅಕ್ಕಾರ. ನನ್ನ ಬುದ್ಧಿ ಇನ್ನೂ ಅಲ್ಲೇ ಐತಿ ನೋಡ್ರಿ" ಎಂದು ಹೇಳಿ ಹೋದಳು.

ಶನಿವಾರ ಸಂಜೆ ಸುಗುಣಮ್ಮ ತನ್ನ ಪಾತ್ರೆಯನ್ನು ಒಲೆಯ ಮೇಲಿಟ್ಟಳು. ಗಂಡ ಇಣುಕಿ ನೋಡಿ, "ಈ ಸಲ ಆಕಿ ಮಾಡ್ತಾಳಂದಿ? ನೀ ಯಾಕ ಮಾಡಾಕತ್ತಿ?" ಎಂದು ಕೇಳಿದ.

"ಇರ್ಲಿ. ಹೆಚ್ಚುಕಮ್ಮಿ ಆದ್ರ ಬೇಕಾಗ್ತದ."

ಹೆಚ್ಚುಕಮ್ಮಿ ಆಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಎಲ್ಲರೂ ಕಂಗಾಲಾದ ಹೊತ್ತಿಗೆ ಚೀಲದಿಂದ ತನ್ನ ಬಾಟಲಿ ತೆಗೆಯುವುದನ್ನು ಮನಸ್ಸಿನಲ್ಲಿ ಹತ್ತು ಸಲ ನಡೆಸಿ ನೋಡಿದ್ದಳು. ತಪ್ಪು ಮಾಡಿದವರಿಗೆ ನಿದ್ದೆ ಬರುವುದಿಲ್ಲ ಎಂದು ಭಾನುವಾರದ ಪ್ರಸಂಗಗಳಲ್ಲಿ ಅಯ್ಯನವರು ಹೇಳುತ್ತಾರೆ. ಸುಗುಣಮ್ಮನಿಗೆ ಸೊಗಸಾದ ನಿದ್ದೆ ಬಂತು.

ಭಾನುವಾರ ಎಲ್ಲವೂ ಅವಳು ಅಂದುಕೊಂಡ ಹಾಗೆಯೇ ನಡೆಯಿತು. ಎರ್ರೆಮ್ಮ ಹೊಸ ಸೀರೆಯುಟ್ಟು, ಬಾಟಲಿಯನ್ನು ಬಿಳಿ ಟವೆಲಿನಲ್ಲಿ ಸುತ್ತಿಕೊಂಡು, ಮಗುವನ್ನು ಎತ್ತಿಕೊಂಡ ಹಾಗೆ ಎದೆಗವುಚಿ ತಂದಳು. ಎಲ್ಲರೂ ನೋಡುತ್ತಿರುವಾಗ ಮೇಜಿನ ಪಕ್ಕ ನಿಂತು ಮುಚ್ಚಳ ತಿರುಗಿಸಿದಳು. ಮುಚ್ಚಳ ಟಪ್ಪೆಂದು ಹಾರಿತು. ನೊರೆ ಉಕ್ಕಿ ಅವಳ ಕೈಮೇಲೆ, ಸೀರೆಯ ಮೇಲೆ, ಮೇಜಿನ ಬಿಳಿ ಬಟ್ಟೆಯ ಮೇಲೆ ಹರಿಯಿತು. ಆ ವಾಸನೆ ಏನೆಂದು ಯಾರೂ ಯಾರಿಗೂ ಹೇಳಬೇಕಾಗಿರಲಿಲ್ಲ.

"ಹಳೇ ಕಸುಬು ಕೈ ಬಿಟ್ಟಿಲ್ಲ ನೋಡು" ಎಂದು ಗಂಡಸರ ಕಡೆಯಿಂದ ಒಬ್ಬ ಮೆಲ್ಲಗೆ ಅಂದ. ಇನ್ನೊಬ್ಬ ಕಿಸಕ್ಕೆಂದ. ಅವರ ಹೆಸರು ಇಲ್ಲಿ ಬೇಡ, ಅವರಿಗೆ ಅಷ್ಟು ಗೌರವ ಸಲ್ಲದು.

ಅಯ್ಯನವರು ಗಾಬರಿಯಾಗಿ ಬಟ್ಟೆ ಒರೆಸತೊಡಗಿದರು. ಆಗ ಸುಗುಣಮ್ಮ ಎದ್ದಳು.

"ನನ್ನ ಹತ್ರ ಒಂದು ಬಾಟ್ಲಿ ಐತ್ರಿ ಅಯ್ನೋರೆ. ಇರ್ಲಿ ಅಂತ ಮಾಡಿಟ್ಟಿದ್ದೆ."

ಹೆಂಗಸರು ಕಾಲು ಮಡಚಿ ದಾರಿ ಬಿಟ್ಟರು. "ಸುಗುಣಮ್ಮಾರ ಇರದಿದ್ರ ಇವತ್ತು ಮೇಜು ಖಾಲಿ ಇರ್ತಿತ್ತು" ಎಂದು ಅಯ್ಯನವರು ಎಲ್ಲರಿಗೂ ಕೇಳುವ ಹಾಗೆ ಹೇಳಿದರು. ಎಷ್ಟೋ ತಿಂಗಳಿಂದ ಉರಿಯುತ್ತಿದ್ದ ಹೊಟ್ಟೆ ಒಮ್ಮೆಲೇ ತಣ್ಣಗಾಯಿತು.

ಬಾಟಲಿ ಕೊಟ್ಟು ತನ್ನ ಜಾಗಕ್ಕೆ ಹಿಂದಿರುಗುವಾಗ ಎರ್ರೆಮ್ಮ ಅಡ್ಡ ಬಂದು ಅವಳ ಕಾಲು ಹಿಡಿದಳು.

"ಮರ್ಯಾದಿ ಉಳಿಸಿದ್ರಿ ಅಕ್ಕಾರ. ನೀವು ಹೇಳಿದಂಗ ಮಾಡಿದೆ, ಒಂದೂ ಬಿಟ್ಟಿಲ್ರಿ. ನಿಮ್ಮ ಕೈಯಾಗ ಕೆಡೂದಿಲ್ಲ, ನನ್ನ ಕೈಯಾಗ ಸಾರಾಯಿ ಆತು." ಅವಳು ತನ್ನ ಒದ್ದೆ ಕೈಗಳನ್ನು ನೋಡಿಕೊಂಡಳು. "ಯೇಸಪ್ಪ ಈ ಕೈ ಮಾಡಿದ್ದು ಯಾವುದೂ ಮರ್ತಿಲ್ಲ. ಕ್ಷಮಿಸ್ಯಾನಂತ ನಾನಾ ತಿಳ್ಕೊಂಡಿದ್ದೆ. ನಾ ಇನ್ನ ಈ ಮೇಜಿಗೆ ಬರಂಗಿಲ್ರಿ."

ಹೇಳಿ, ಹೊರಗೆ ಹೋಗಿ ಜಗಲಿಯ ಮೇಲೆ ಚಪ್ಪಲಿಗಳ ಪಕ್ಕ ಕುಳಿತಳು.

ಸುಗುಣಮ್ಮ ತನ್ನ ಜಾಗಕ್ಕೆ ಬಂದು ಕೂತಳು. ಶೈಲಜಾ ಅವಳ ಕೈ ಅದುಮಿ, "ನೀವು ಭಾಳ ದೊಡ್ಡೋರು ಅಕ್ಕಾ" ಎಂದಳು. ಕೀರ್ತನೆ ಹಾಡಿದರು, ಅರಿಕೆಯ ಪ್ರಾರ್ಥನೆ ಮಾಡಿದರು. ಸುಗುಣಮ್ಮನಿಗೆ ಇವತ್ತು ಗಂಡನ ಒಂದು ಪಾಪವೂ ನೆನಪಾಗಲಿಲ್ಲ. ಎರ್ರೆಮ್ಮನಿಗೆ ನಾಳೆ ನಿಜ ಹೇಳಿದರಾಯಿತು ಎಂದುಕೊಂಡಳು. ಅಥವಾ ಅವಳ ಮನೆಗೇ ಹೋಗಿ, ಒಂದು ಸೀರೆ ಕೊಟ್ಟು, ಬಿಸಿಲಿಗೆ ಹೀಗಾಗುವುದುಂಟು ಎಂದು ಸಮಾಧಾನ ಹೇಳಿದರಾಯಿತು. ನಿಜವನ್ನೆಲ್ಲ ಹೇಳಬೇಕೆಂದೇನೂ ಇಲ್ಲ.

ತೆರೆದ ಬಾಗಿಲಿನಿಂದ ಜಗಲಿ ಕಾಣುತ್ತಿತ್ತು. ಎರ್ರೆಮ್ಮ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಬಂಡ್ರಿಯ ಬಸ್ಸಿನ ಹೊತ್ತಿಗೆ ಕಾಯುತ್ತಿದ್ದಳು. ಬಸ್ಸಿನಲ್ಲೂ, ಅದಿರಿನ ರಾಶಿಯ ಮೇಲೂ, ನಡೆಯುವಾಗಲೂ ಯೇಸಪ್ಪನ ಜೊತೆ ವಟವಟ ಮಾತಾಡುತ್ತಿದ್ದ ಹೆಂಗಸು. ಈಗ ಅವಳ ತುಟಿ ಅಲುಗುತ್ತಿರಲಿಲ್ಲ. ಆ ಬಾಯಿ ಮುಚ್ಚಬೇಕೆಂದೇ ಸುಗುಣಮ್ಮ ಇಷ್ಟು ದಿನ ಬಯಸಿದ್ದು. ಮುಚ್ಚಿತ್ತು. ಆದರೆ ಅವಳನ್ನು ಹಾಗೆ ನೋಡಲು ಸುಗುಣಮ್ಮನಿಗೆ ಆಗಲಿಲ್ಲ. ಇವತ್ತು ಆ ಬಸ್ಸು ಹತ್ತಿದರೆ ಎರ್ರೆಮ್ಮ ಮತ್ತೆ ಬರುವುದಿಲ್ಲ ಎಂದು ಅವಳಿಗೆ ಸ್ಪಷ್ಟವಾಗಿ ಗೊತ್ತಾಯಿತು.

ಜನ ಸಾಲಾಗಿ ಮೇಜಿನ ಮುಂದೆ ಮೊಣಕಾಲೂರತೊಡಗಿದ್ದರು. ಸುಗುಣಮ್ಮ ಎದ್ದು, ಮುಂದೆ ಹೋಗುವ ಬದಲು ಹೊರಗೆ ಹೋದಳು. ಎರ್ರೆಮ್ಮನ ಪಕ್ಕ ಚಪ್ಪಲಿಗಳ ನಡುವೆ ಕೂತಳು.

"ನಿನ್ನ ಕೈ ಅಲ್ಲ" ಎಂದಳು. "ನಾನು. ಗುರುವಾರ ಅಂತ ಬೇಕಂತಲಾ ಹೇಳಿದೆ. ನಾ ಯಾವತ್ತೂ ಮಾಡೂದು ಶನಿವಾರ ಸಂಜಿಕನಾ, ಇಡೂದು ಫ್ರಿಜ್ಜಿನಾಗ. ಕೆಡ್ಲಿ ಅಂತನಾ ಹೇಳಿದೆ. ಎಲ್ಲಾರೂ ನಿನ್ನ ಪ್ರಾರ್ಥನಿ ಪ್ರಾರ್ಥನಿ ಅಂತಾರ, ನನಗ ತಡ್ಕೊಳ್ಳಾಕ ಆಗ್ಲಿಲ್ಲ. ಹೊಟ್ಟಿ ಉರೀತು."

ಹೇಳಿ ಮುಗಿಸಿ ತಲೆ ತಗ್ಗಿಸಿದಳು. ಬೈಗುಳಕ್ಕೆ ಕಾದಳು, ಏಟು ಬಿದ್ದರೂ ಬೀಳಲಿ ಎಂದುಕೊಂಡಳು. ಎರ್ರೆಮ್ಮ ತನ್ನ ಕೈಗಳನ್ನು ಹೊರಳಿಸಿ ನೋಡಿಕೊಂಡಳು.

"ಹಂಗಾರ ಬಿಸಿಲಿಗೆ ಕೆಟ್ಟಿದ್ದೇನ್ರಿ?"

"ಬಿಸಿಲಿಗೆ."

"ಯಾರು ಮಾಡಿದ್ರೂ ಕೆಡ್ತಿತ್ತಾ?"

"ನಾ ಮಾಡಿದ್ರೂ ಕೆಡ್ತಿತ್ತು."

"ಯೇಸಪ್ಪ ಏನೂ ಮಾಡಿಲ್ಲ? ಅಂವಗ ನನ್ನ ಮ್ಯಾಲ ಸಿಟ್ಟಿಲ್ಲ?"

"ಇಲ್ಲ ಎರ್ರೆಮ್ಮ. ಸಿಟ್ಟಿದ್ರ ನನ್ನ ಮ್ಯಾಲ."

ಎರ್ರೆಮ್ಮ ನಕ್ಕುಬಿಟ್ಟಳು. ಸೆರಗನ್ನು ಬಾಯಿಗೆ ತುರುಕಿಕೊಂಡರೂ ನಗು ನಿಲ್ಲಲಿಲ್ಲ, ಕಣ್ಣಿನಿಂದ ನೀರು ಸುರಿಯುತ್ತಲೇ ಇತ್ತು. ದೇವರು ತನ್ನನ್ನು ತಳ್ಳಿಬಿಟ್ಟಿಲ್ಲ ಎಂಬ ಖುಷಿ ಎಷ್ಟಿತ್ತೆಂದರೆ, ಪಕ್ಕದಲ್ಲಿ ಕೂತವಳ ಮೇಲೆ ಸಿಟ್ಟಾಗಲು ಅವಳಿಗೆ ಪುರುಸೊತ್ತೇ ಇರಲಿಲ್ಲ. ಆಮೇಲೆ ನೆನಪಾಗಿರಬೇಕು, ಕಣ್ಣೊರೆಸಿಕೊಂಡು ಸುಗುಣಮ್ಮನ ಕಡೆ ತಿರುಗಿದಳು.

"ಭಾಳ ಕೆಟ್ಟ ಕೆಲಸ ಮಾಡೀರಿ ಅಕ್ಕಾರ. ಅದಕ್ಕ ಆಮ್ಯಾಲ ಜಗಳಾಡ್ತೀನಿ, ಬಿಡಂಗಿಲ್ಲ. ಈಗ ಏಳ್ರಿ, ಒಳಗ ಮುಗದು ಹೋಗ್ತದ."

"ನೀ ಹೋಗು. ನಾ ಬರಂಗಿಲ್ಲ. ಯಾವ ಮುಖ ಇಟ್ಕೊಂಡು ಬರ್ಲಿ?"

"ಇದಾ ಮುಖ ಇಟ್ಕೊಂಡು ಬರ್ರಿ. ಬ್ಯಾರೆ ಎಲ್ಲಿಂದ ತರ್ತೀರಿ?"

ಎರ್ರೆಮ್ಮ ಅವಳ ಮುಂಗೈ ಹಿಡಿದು ಎಳೆದುಕೊಂಡೇ ಒಳಗೆ ಹೋದಳು. ಕೊನೆಯ ಸಾಲು ಎದ್ದು ಹೋಗಿತ್ತು. ಅಯ್ಯನವರು ಬಟ್ಟಲಿಗೆ ಬಟ್ಟೆ ಹೊದಿಸುವುದರಲ್ಲಿದ್ದರು. ಇಬ್ಬರೂ ಮೊಣಕಾಲೂರಿದರು. ಅಯ್ಯನವರು ರೊಟ್ಟಿ ಕೊಡಲು ಬಂದಾಗ ಸುಗುಣಮ್ಮ ಕೈ ಚಾಚಲಿಲ್ಲ.

"ಆ ರಸ ಕೆಟ್ಟಿದ್ದು ಎರ್ರೆಮ್ಮನಿಂದ ಅಲ್ರಿ ಅಯ್ನೋರೆ" ಎಂದಳು. ಪ್ರಾರ್ಥನೆಗೆ ಪಳಗಿದ ಆ ದನಿ ಹಿಂದಿನ ಗೋಡೆಯವರೆಗೂ ಕೇಳಿಸಿತು. "ನಾ ಬೇಕಂತ ತಪ್ಪು ಹೇಳಿಕೊಟ್ಟೆ. ಕೆಡ್ತದಂತ ಗೊತ್ತಿದ್ದಾ ನನ್ನ ಬಾಟ್ಲಿ ಚೀಲದಾಗ ಇಟ್ಕೊಂಡು ಬಂದಿದ್ದೆ."

ಚಾಪೆಗಳ ಮೇಲೆ ಗುಸುಗುಸು ಎದ್ದಿತು. ಶೈಲಜಾ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ಸುಗುಣಮ್ಮನ ಗಂಡ ನೆಲ ನೋಡಿದ. ಇಷ್ಟು ವರ್ಷ ಅವಳು ನಡೆದ ದಾರಿ, ಮಡಚಿಕೊಂಡ ಕಾಲುಗಳು, ದೊಡ್ಡೋರು ಎಂಬ ಮಾತು, ಎಲ್ಲವೂ ಅಲ್ಲಿಗೆ ಮುಗಿಯಿತು ಎಂದು ಅವಳಿಗೆ ಗೊತ್ತಿತ್ತು. ಅಯ್ಯನವರು ಅವಳ ಅಂಗೈಯನ್ನು ತಾವೇ ಬಿಡಿಸಿ ರೊಟ್ಟಿಯ ಚೂರನ್ನು ಇಟ್ಟರು.

ಬಟ್ಟಲು ಮೊದಲು ಎರ್ರೆಮ್ಮನ ಹತ್ತಿರ ಬಂತು. ಸುಗುಣಮ್ಮ ಓರೆಗಣ್ಣಿನಿಂದ ಅವಳನ್ನು ನೋಡಿದಳು. ಎರ್ರೆಮ್ಮ ಕಣ್ಣು ಮುಚ್ಚಿ, ಬಿಸಿಲಲ್ಲಿ ಕಲ್ಲು ಹೊತ್ತು ಬಂದವಳು ನೀರು ಕುಡಿಯುವ ಹಾಗೆ ಗುಟುಕರಿಸಿದಳು. ಅವಳ ತುಟಿ ಮತ್ತೆ ಅಲುಗತೊಡಗಿತು. ಮುಖದ ಮೇಲೆ ಮೂಡಿದ ಆ ನೆಮ್ಮದಿಯನ್ನು ಕಂಡು ಸುಗುಣಮ್ಮನ ಹೊಟ್ಟೆ ಮತ್ತೆ ಉರಿಯಿತು. ಇಷ್ಟು ವರ್ಷ ಈ ರಸವನ್ನು ತಾನೇ ಕಾಯಿಸಿ, ಸೋಸಿ, ಹೊತ್ತು ತಂದಳು, ತಾನೂ ಕುಡಿದಳು, ಆದರೆ ಆ ಮುಖ ತನಗೆ ಒಮ್ಮೆಯೂ ಬಂದಿರಲಿಲ್ಲ. ಅವಳಿಂದ ಅದನ್ನು ಕಿತ್ತುಕೊಳ್ಳಬೇಕೆಂದು ಈಗ ಅನ್ನಿಸಲಿಲ್ಲ. ತನಗೂ ಅದೇ ಬೇಕು ಎನ್ನಿಸಿತು. ಬಟ್ಟಲು ತನ್ನ ಮುಂದೆ ಬಂದಾಗ ಅವಳು ಬಾಯಿ ತೆರೆದಳು.